ಗಾಢ ಏಲ್ ತಯಾರಿಕೆಯಲ್ಲಿ ಯೀಸ್ಟ್ ಬದಲಾವಣೆ

ಗಾಢ ಏಲ್ ತಯಾರಿಕೆಯಲ್ಲಿ ಯೀಸ್ಟ್ ಬದಲಾವಣೆ ಎಂದರೆ ಪೋರ್ಟರ್, ಸ್ಟೌಟ್, ಬ್ರೌನ್ ಏಲ್ ಮೊದಲಾದ ಕಪ್ಪು ಅಥವಾ ಕಡುಕಂದು ಬಣ್ಣದ ಬಿಯರ್‌ಗಳ ಪಾಕಸೂತ್ರದಲ್ಲಿ ಹುದುಗು ಬರಿಸುವ ಯೀಸ್ಟ್ ತಳಿಯನ್ನು ಬದಲಿಸಿ, ಅದಕ್ಕೆ ತಕ್ಕಂತೆ ಉಳಿದ ಅಂಶಗಳನ್ನು ಹೊಂದಿಸಿಕೊಳ್ಳುವ ವಿಧಾನವಾಗಿದೆ. ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಕ್ಕೆ ಕಾನೂನಿನ ಅನುಮತಿ ಇರುವ ಬ್ರಿಟನ್, ಅಮೆರಿಕ ಸಂಯುಕ್ತ ಸಂಸ್ಥಾನ ಮುಂತಾದ ದೇಶಗಳಲ್ಲಿ ಇದು ಸಾಮಾನ್ಯ ಅಭ್ಯಾಸವಾಗಿದೆ. ಒಂದೇ ಹಾಲಿಗೆ ಬೇರೆ ಬೇರೆ ಹೆಪ್ಪು ಹಾಕಿದಾಗ ಮೊಸರಿನ ಹುಳಿ, ಗಟ್ಟಿತನ ಮತ್ತು ವಾಸನೆ ಬೇರೆಯಾಗುವಂತೆ, ಒಂದೇ ಧಾನ್ಯದ ರಸಕ್ಕೆ ಬೇರೆ ತಳಿಯ ಯೀಸ್ಟ್ ಸೇರಿಸಿದಾಗ ದೊರೆಯುವ ಬಿಯರ್ ಕೂಡ ಬೇರೆಯೇ ಆಗುತ್ತದೆ.

ಯೀಸ್ಟ್ ಬದಲಾವಣೆಯ ಪರಿಣಾಮ ಪರಿಮಳಕ್ಕೆ ಮಾತ್ರ ಸೀಮಿತವಲ್ಲ. ಬಿಯರ್‌ನಲ್ಲಿ ಉಳಿಯುವ ಸಿಹಿ, ಮದ್ಯಸಾರದ ಪ್ರಮಾಣ, ಹುದುಗುವಿಕೆಗೆ ಬೇಕಾಗುವ ಉಷ್ಣತೆ ಹಾಗೂ ಕಾಲಾವಧಿ, ಬಾಟಲಿಯೊಳಗೆ ಉಂಟಾಗುವ ಅನಿಲದ ಒತ್ತಡ ಇವೆಲ್ಲವೂ ಅದರೊಂದಿಗೆ ಬದಲಾಗುತ್ತವೆ. ಗಾಢ ಏಲ್‌ಗಳಲ್ಲಿ ಹುರಿದ ಮಾಲ್ಟ್‌ನ ಕಹಿಯನ್ನು ಉಳಿದ ಸಿಹಿಯು ಸಮತೋಲನದಲ್ಲಿ ಇಡುವುದರಿಂದ, ತಿಳಿ ಬಣ್ಣದ ಬಿಯರ್‌ಗಳಿಗಿಂತ ಇವುಗಳಲ್ಲಿ ಈ ಬದಲಾವಣೆಗೆ ಹೆಚ್ಚಿನ ಮಹತ್ವವಿದೆ.

ಗಾಢ ಏಲ್‌ನ ಸ್ವರೂಪ

ಬಿಯರ್‌ನ ಮೂಲ ಘಟಕಗಳು ನಾಲ್ಕು: ನೀರು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಸಾಮಾನ್ಯವಾಗಿ ಬಾರ್ಲಿ), ಹಾಪ್ಸ್ ಮತ್ತು ಯೀಸ್ಟ್. ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಪಿಷ್ಟವನ್ನು ಶರ್ಕರವಾಗಿ ಪರಿವರ್ತಿಸುವ ಹಂತಕ್ಕೆ ಮ್ಯಾಶಿಂಗ್ ಎಂದು ಹೆಸರು. ಇದರಿಂದ ಸೋಸಿ ತೆಗೆದ ಸಿಹಿಯಾದ ರಸವನ್ನು ವರ್ಟ್ ಎನ್ನುತ್ತಾರೆ. ವರ್ಟನ್ನು ಹಾಪ್ಸ್‌ನೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಸೇರಿಸಿದಾಗ ಹುದುಗುವಿಕೆ ಆರಂಭವಾಗುತ್ತದೆ. ಯೀಸ್ಟ್ ಕೋಶಗಳು ಶರ್ಕರವನ್ನು ಮುಖ್ಯವಾಗಿ ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತವೆ.

ಏಲ್ ತಯಾರಿಕೆಗೆ ಸ್ಯಾಕರೊಮೈಸಿಸ್ ಸೆರೆವಿಸಿಯೇ ಪ್ರಭೇದದ ಯೀಸ್ಟ್ ಬಳಸಲಾಗುತ್ತದೆ. ರೊಟ್ಟಿಯಂಗಡಿಗಳಲ್ಲಿ ಬ್ರೆಡ್ ಉಬ್ಬಿಸಲು ಬಳಸುವ ಯೀಸ್ಟ್ ಕೂಡ ಇದೇ ಪ್ರಭೇದಕ್ಕೆ ಸೇರಿದ್ದು, ತಳಿ ಮಾತ್ರ ಬೇರೆ. ಲಾಗರ್ ಬಿಯರ್‌ಗಳಿಗೆ ಸ್ಯಾಕರೊಮೈಸಿಸ್ ಪಾಸ್ಟೋರಿಯಾನಸ್ ಎಂಬ ಯೀಸ್ಟ್ ಬಳಕೆಯಲ್ಲಿದೆ. ಇದು ಸೆರೆವಿಸಿಯೇ ಮತ್ತು ಸ್ಯಾಕರೊಮೈಸಿಸ್ ಯುಬಯಾನಸ್ ಎಂಬ ಎರಡು ಪ್ರಭೇದಗಳ ಮಿಶ್ರತಳಿ. ದಕ್ಷಿಣ ಅಮೆರಿಕದ ಪೆಟಗೋನಿಯಾ ಕಾಡುಗಳಲ್ಲಿ ದೊರೆತ ಯುಬಯಾನಸ್‌ನ ವಿವರಣೆ 2011ರಲ್ಲಿ ಪ್ರಕಟವಾಯಿತು.

ಗಾಢ ಏಲ್‌ನ ಬಣ್ಣಕ್ಕೆ ಕಾರಣ ಯೀಸ್ಟ್ ಅಲ್ಲ, ಹುರಿದ ಧಾನ್ಯ. ಚಾಕೊಲೆಟ್ ಮಾಲ್ಟ್, ಕಪ್ಪು ಮಾಲ್ಟ್ ಮತ್ತು ಹುರಿದ ಬಾರ್ಲಿಯನ್ನು ಕಾಫಿ ಬೀಜದಂತೆ ಹೆಚ್ಚಿನ ಉಷ್ಣತೆಯಲ್ಲಿ ಹುರಿಯಲಾಗುತ್ತದೆ. ಇವು ಬಿಯರ್‌ಗೆ ಕಾಫಿ, ಕೋಕೋ ಮತ್ತು ಸುಟ್ಟ ರೊಟ್ಟಿಯನ್ನು ಹೋಲುವ ರುಚಿಯ ಜೊತೆಗೆ ಒಗರು ಮತ್ತು ಹುಳಿಯನ್ನೂ ನೀಡುತ್ತವೆ. ಈ ಒಗರು ನಾಲಿಗೆಗೆ ಎಷ್ಟು ತೀಕ್ಷ್ಣವಾಗಿ ತಾಗುತ್ತದೆ ಎಂಬುದು ಹುದುಗದೆ ಉಳಿದ ಶರ್ಕರ ಹಾಗೂ ಡೆಕ್ಸ್‌ಟ್ರಿನ್‌ಗಳ ಪ್ರಮಾಣವನ್ನು ಅವಲಂಬಿಸಿದೆ. ಆ ಪ್ರಮಾಣವನ್ನು ನಿರ್ಧರಿಸುವಲ್ಲಿ ಯೀಸ್ಟ್ ತಳಿಗೆ ಮುಖ್ಯ ಪಾತ್ರವಿದೆ.

ಇತಿಹಾಸ

ಪೋರ್ಟರ್ 18ನೇ ಶತಮಾನದ ಆರಂಭದಲ್ಲಿ ಲಂಡನ್‌ನಲ್ಲಿ ರೂಪುಗೊಂಡಿತು. ಅಲ್ಲಿನ ಸರಕು ಹೊರುವ ಕೂಲಿಕಾರರಿಗೆ ಪ್ರಿಯವಾಗಿದ್ದರಿಂದ ಈ ಹೆಸರು ಬಂದಿದೆ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಉರುಳೆಯಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ಅಂದಿನಿಂದ ಅಲ್ಪ ಪ್ರಮಾಣದ ಕಪ್ಪು ಮಾಲ್ಟ್‌ನಿಂದಲೇ ಇಡೀ ಬಿಯರ್‌ಗೆ ಗಾಢ ಬಣ್ಣ ನೀಡುವುದು ಸಾಧ್ಯವಾಯಿತು. ಪೋರ್ಟರ್‌ನ ಹೆಚ್ಚು ಗಟ್ಟಿಯಾದ ರೂಪವನ್ನು ಸ್ಟೌಟ್ ಪೋರ್ಟರ್ ಎಂದು ಕರೆಯುತ್ತಿದ್ದರು. ಕ್ರಮೇಣ ಸ್ಟೌಟ್ ಎಂಬುದೇ ಪ್ರತ್ಯೇಕ ಹೆಸರಾಗಿ ಉಳಿಯಿತು.

ಆ ಕಾಲದಲ್ಲಿ ಯೀಸ್ಟನ್ನು ಆಯ್ಕೆ ಮಾಡುವ ಅವಕಾಶವೇ ಇರಲಿಲ್ಲ. ಹಿಂದಿನ ಹುದುಗಿನ ಮೇಲೆ ತೇಲುವ ನೊರೆಯನ್ನು ತೆಗೆದಿಟ್ಟು ಮುಂದಿನದಕ್ಕೆ ಬಳಸುತ್ತಿದ್ದರು, ಇಲ್ಲವೇ ನೆರೆಯ ಬಿಯರ್ ತಯಾರಕರಿಂದ ತರುತ್ತಿದ್ದರು. ಅದರಲ್ಲಿ ಹಲವು ತಳಿಗಳ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬೆರೆತಿರುತ್ತಿದ್ದವು. ಫ್ರಾನ್ಸ್‌ನ ವಿಜ್ಞಾನಿ ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಕುರಿತ ತನ್ನ ಅಧ್ಯಯನವನ್ನು ಪ್ರಕಟಿಸಿ, ಬಿಯರ್ ಕೆಡುವುದಕ್ಕೆ ಬೇಡದ ಸೂಕ್ಷ್ಮಜೀವಿಗಳು ಕಾರಣವೆಂದು ವಿವರಿಸಿದನು. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವ ವಿಧಾನವನ್ನು ಯಶಸ್ವಿಯಾಗಿ ಬಳಕೆಗೆ ತಂದನು. ಯೀಸ್ಟ್ ತಳಿಗಳನ್ನು ಪ್ರತ್ಯೇಕವಾಗಿ ಕಾಪಾಡಿ, ಹೆಸರಿಸಿ, ಮಾರಾಟ ಮಾಡುವ ಇಂದಿನ ಪದ್ಧತಿಗೆ ಇದೇ ತಳಹದಿ. ಕಾರ್ಲ್ಸ್‌ಬರ್ಗ್‌ನ ನೀಲ್ಸ್ ಹೆಲ್ಟೆ ಕ್ಲಾಸೆನ್ 1904ರಲ್ಲಿ ಬ್ರಿಟಿಷ್ ಬಿಯರ್‌ಗಳಲ್ಲಿ ಕಂಡುಬಂದ ಬ್ರೆಟಾನೊಮೈಸಿಸ್ ಎಂಬ ಇನ್ನೊಂದು ಯೀಸ್ಟನ್ನು ವಿವರಿಸಿದನು. ದೀರ್ಘಕಾಲ ಮರದ ತೊಟ್ಟಿಗಳಲ್ಲಿ ಮಾಗಿಸಿದ ಬ್ರಿಟಿಷ್ ಬಿಯರ್‌ಗಳ ವಿಶಿಷ್ಟ ವಾಸನೆಗೆ ಇದು ಕಾರಣವಾಗಿತ್ತು.

ಪಾಕಸೂತ್ರ ಉಳಿದು ಯೀಸ್ಟ್ ಬದಲಾದುದಕ್ಕೆ ಬಾಲ್ಟಿಕ್ ಪೋರ್ಟರ್ ಐತಿಹಾಸಿಕ ಉದಾಹರಣೆಯಾಗಿದೆ. ಬ್ರಿಟನ್‌ನಿಂದ ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳಿಗೆ ರಫ್ತಾಗುತ್ತಿದ್ದ ಗಟ್ಟಿ ಪೋರ್ಟರ್‌ಗಳನ್ನು ಅಲ್ಲಿನವರು ತಾವೇ ತಯಾರಿಸತೊಡಗಿದರು. 19ನೇ ಶತಮಾನದಲ್ಲಿ ಲಾಗರ್ ತಂತ್ರಜ್ಞಾನ ಹರಡಿದ ಮೇಲೆ ಅಲ್ಲಿನ ಅನೇಕ ತಯಾರಕರು ತಂಪಿನಲ್ಲಿ ಹುದುಗುವ ಲಾಗರ್ ಯೀಸ್ಟನ್ನೇ ಪೋರ್ಟರ್‌ಗೂ ಬಳಸಿದರು. ಪೋಲೆಂಡ್‌ನಲ್ಲಿ 1881ರಿಂದ ತಯಾರಾಗುತ್ತಿರುವ ಝಿವಿಯೆಟ್ಸ್ ಪೋರ್ಟರ್ ಈ ಪರಂಪರೆಗೆ ಸೇರಿದೆ. ಹಣ್ಣಿನ ಪರಿಮಳ ಹಿಂದೆ ಸರಿದು ಮಾಲ್ಟ್‌ನ ರುಚಿ ನಯವಾಗಿ ಮುಂದೆ ಬರುವುದು ಈ ಬಿಯರ್‌ಗಳ ಲಕ್ಷಣ.

ಯೀಸ್ಟ್ ತಳಿಯಿಂದ ಬದಲಾಗುವ ಗುಣಗಳು

ಶರ್ಕರದ ಬಳಕೆ

ವರ್ಟ್‌ನಲ್ಲಿರುವ ಶರ್ಕರಗಳಲ್ಲಿ ಮಾಲ್ಟೋಸ್‌ನ ಪಾಲು ಅತ್ಯಧಿಕ. ಇದರೊಂದಿಗೆ ಗ್ಲೂಕೋಸ್, ಸುಕ್ರೋಸ್ ಮತ್ತು ಮಾಲ್ಟೋಟ್ರಯೋಸ್ ಇರುತ್ತವೆ. ಉಳಿದ ಭಾಗವಾದ ಡೆಕ್ಸ್‌ಟ್ರಿನ್‌ಗಳನ್ನು ಸಾಮಾನ್ಯ ಏಲ್ ಯೀಸ್ಟ್ ಬಳಸಲಾರದು. ತಳಿಗಳ ನಡುವಿನ ಮುಖ್ಯ ವ್ಯತ್ಯಾಸ ಕಾಣುವುದು ಮಾಲ್ಟೋಟ್ರಯೋಸ್ ವಿಷಯದಲ್ಲಿ. ಕೆಲವು ತಳಿಗಳು ಇದನ್ನು ಪೂರ್ತಿಯಾಗಿ ಬಳಸುತ್ತವೆ, ಕೆಲವು ಅರೆಬರೆಯಾಗಿ ಬಳಸುತ್ತವೆ. ವಿಂಡ್ಸರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಇಂಗ್ಲಿಷ್ ಶೈಲಿಯ ಒಣ ಯೀಸ್ಟ್ ಇದನ್ನು ಹುದುಗಿಸುವುದಿಲ್ಲವಾದ್ದರಿಂದ, ಅದನ್ನು ಬಳಸಿದ ಬಿಯರ್ ಹೆಚ್ಚು ಸಿಹಿಯಾಗಿ ಉಳಿಯುತ್ತದೆ.

ಹುದುಗಿ ಕಡಿಮೆಯಾದ ಶರ್ಕರದ ಶೇಕಡಾವಾರು ಪ್ರಮಾಣವನ್ನು ಅಟೆನ್ಯುಯೇಷನ್ ಎಂದು ಕರೆಯಲಾಗುತ್ತದೆ. ಹೈಡ್ರೋಮೀಟರ್‌ನಿಂದ ಅಳೆದ ಸಾಪೇಕ್ಷ ಸಾಂದ್ರತೆಯ ಆಧಾರದ ಮೇಲೆ ಇದನ್ನು ಲೆಕ್ಕ ಹಾಕುತ್ತಾರೆ. ಮದ್ಯಸಾರವು ನೀರಿಗಿಂತ ಹಗುರವಾಗಿರುವುದರಿಂದ ಈ ಲೆಕ್ಕ ನಿಜವಾದ ಪ್ರಮಾಣಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಇದಕ್ಕೆ ತೋರಿಕೆಯ ಅಟೆನ್ಯುಯೇಷನ್ ಎಂಬ ಹೆಸರಿದೆ. ಯೀಸ್ಟ್ ಪೊಟ್ಟಣಗಳ ಮೇಲೆ ನಮೂದಿಸುವುದು ಇದನ್ನೇ.

ಪರಿಮಳ

ಹುದುಗುವಾಗ ಯೀಸ್ಟ್ ಎಥನಾಲ್ ಅಲ್ಲದೆ ಹಲವು ಉಪೋತ್ಪನ್ನಗಳನ್ನು ಹೊರಬಿಡುತ್ತದೆ. ಎಸ್ಟರ್‌ಗಳು ಹಣ್ಣಿನ ಪರಿಮಳ ನೀಡುತ್ತವೆ. ಉದಾಹರಣೆಗೆ, ಐಸೋಅಮೈಲ್ ಅಸಿಟೇಟ್ ಬಾಳೆಹಣ್ಣಿನ ವಾಸನೆಯನ್ನು ಕೊಡುತ್ತದೆ. ಕೆಲವು ತಳಿಗಳು ಧಾನ್ಯದಲ್ಲಿರುವ ಫೆರುಲಿಕ್ ಆಮ್ಲವನ್ನು 4-ವಿನೈಲ್ ಗ್ವಾಯಕಾಲ್ ಎಂಬ ಫೀನಾಲ್ ಆಗಿ ಪರಿವರ್ತಿಸುತ್ತವೆ. ಇದರ ವಾಸನೆ ಲವಂಗದಂತಿರುತ್ತದೆ. ಡೈಅಸಿಟೈಲ್ ಬೆಣ್ಣೆಯ ವಾಸನೆ ಕೊಡುತ್ತದೆ. ಹುದುಗುವಿಕೆಯ ಕೊನೆಯಲ್ಲಿ ಯೀಸ್ಟ್ ಕೋಶಗಳೇ ಇದನ್ನು ಮರಳಿ ಹೀರಿಕೊಂಡು ಕಡಿಮೆ ಮಾಡುತ್ತವೆ. ಆದ್ದರಿಂದ ಯೀಸ್ಟನ್ನು ಅವಸರದಲ್ಲಿ ಬೇರ್ಪಡಿಸಿದ ಬಿಯರ್‌ನಲ್ಲಿ ಬೆಣ್ಣೆಯ ವಾಸನೆ ಉಳಿದುಬಿಡುತ್ತದೆ.

2016ರಲ್ಲಿ 'ಸೆಲ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಸೆರೆವಿಸಿಯೇ ಪ್ರಭೇದದ 157 ತಳಿಗಳ ಜೀನೋಮ್‌ಗಳನ್ನು ಹೋಲಿಸಿತು. ಬಿಯರ್ ಯೀಸ್ಟ್‌ಗಳು ಮಾನವನ ಸಾಕಣೆಗೆ ಒಳಗಾಗಿ ಮಾಲ್ಟೋಟ್ರಯೋಸ್ ಬಳಸುವ ಸಾಮರ್ಥ್ಯವನ್ನು ಗಳಿಸಿರುವುದೂ, ಅವುಗಳಲ್ಲಿ ಅನೇಕವು ಲವಂಗದ ವಾಸನೆ ಉಂಟುಮಾಡುವ ಗುಣವನ್ನು ಕಳೆದುಕೊಂಡಿರುವುದೂ ಅದರಲ್ಲಿ ಕಂಡುಬಂದಿತು.

ತಳಸೇರುವಿಕೆ

ಹುದುಗುವಿಕೆ ಮುಗಿಯುತ್ತಿದ್ದಂತೆ ಯೀಸ್ಟ್ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗೂಡಿ ಬೇರ್ಪಡುವುದನ್ನು ಫ್ಲಾಕ್ಯುಲೇಷನ್ ಎನ್ನುತ್ತಾರೆ. ಅನೇಕ ಇಂಗ್ಲಿಷ್ ತಳಿಗಳು ಬೇಗನೆ ತಳ ಸೇರುತ್ತವೆ. ಇದರಿಂದ ಬಿಯರ್ ಬೇಗ ತಿಳಿಯಾಗುತ್ತದೆ. ಆದರೆ ಶರ್ಕರ ಇನ್ನೂ ಉಳಿದಿರುವಾಗಲೇ ಹುದುಗುವಿಕೆ ನಿಂತುಬಿಡುವ ಸಾಧ್ಯತೆಯೂ ಇದೆ. ಗೋಧಿ ಬಿಯರ್‌ನ ಯೀಸ್ಟ್‌ಗಳು ಬಹುಕಾಲ ತೇಲುತ್ತಲೇ ಇರುತ್ತವೆ. ಕಪ್ಪು ಬಿಯರ್‌ನಲ್ಲಿ ಮಬ್ಬು ಕಣ್ಣಿಗೆ ಕಾಣದಿದ್ದರೂ ತೇಲುವ ಯೀಸ್ಟ್‌ನ ರುಚಿ ನಾಲಿಗೆಗೆ ತಿಳಿಯುತ್ತದೆ.

ಒಂದು ಮಾದರಿ ಲೆಕ್ಕ

ಸುಮಾರು 20 ಲೀಟರ್ ಗಾಢ ಏಲ್‌ಗೆ 4.8 ಕಿಲೋಗ್ರಾಂ ಪೇಲ್ ಮಾಲ್ಟ್, 400 ಗ್ರಾಂ ಕ್ರಿಸ್ಟಲ್ ಮಾಲ್ಟ್, 250 ಗ್ರಾಂ ಚಾಕೊಲೆಟ್ ಮಾಲ್ಟ್ ಮತ್ತು 150 ಗ್ರಾಂ ಹುರಿದ ಬಾರ್ಲಿ ಬಳಸಿದರೆ, ಮನೆಯ ಸಲಕರಣೆಗಳಲ್ಲಿ ಆರಂಭದ ಸಾಪೇಕ್ಷ ಸಾಂದ್ರತೆ ಸುಮಾರು 1.060 ಆಗುತ್ತದೆ. ಆರಂಭದ ಮತ್ತು ಕೊನೆಯ ಸಾಂದ್ರತೆಗಳ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಗಾತ್ರದ ಆಧಾರದ ಮೇಲೆ ಮದ್ಯಸಾರದ ಶೇಕಡಾ ಪ್ರಮಾಣ ಅಂದಾಜಾಗಿ ದೊರೆಯುತ್ತದೆ. ಇದೇ ವರ್ಟ್‌ಗೆ ಬೇರೆ ಬೇರೆ ಅಟೆನ್ಯುಯೇಷನ್ ಇರುವ ಯೀಸ್ಟ್ ಸೇರಿಸಿದಾಗ ಫಲಿತಾಂಶ ಹೀಗಿರುತ್ತದೆ:

ಅಟೆನ್ಯುಯೇಷನ್ ಶೇ. 70: ಕೊನೆಯ ಸಾಂದ್ರತೆ 1.018, ಮದ್ಯಸಾರ ಶೇ. 5.5
ಅಟೆನ್ಯುಯೇಷನ್ ಶೇ. 75: ಕೊನೆಯ ಸಾಂದ್ರತೆ 1.015, ಮದ್ಯಸಾರ ಶೇ. 5.9
ಅಟೆನ್ಯುಯೇಷನ್ ಶೇ. 80: ಕೊನೆಯ ಸಾಂದ್ರತೆ 1.012, ಮದ್ಯಸಾರ ಶೇ. 6.3
ಅಟೆನ್ಯುಯೇಷನ್ ಶೇ. 90: ಕೊನೆಯ ಸಾಂದ್ರತೆ 1.006, ಮದ್ಯಸಾರ ಶೇ. 7.1

ಮೊದಲನೆಯದು ಮೈದುಂಬಿದ, ಸಿಹಿ ಉಳಿದ ಬಿಯರ್. ಕೊನೆಯದು ತೆಳುವಾದ, ಒಣ ರುಚಿಯ ಬಿಯರ್. ಎರಡರಲ್ಲೂ ಹುರಿದ ಧಾನ್ಯದ ಪ್ರಮಾಣ ಒಂದೇ ಆಗಿದ್ದರೂ ಎರಡನೆಯದರಲ್ಲಿ ಅದರ ಕಹಿ ಮತ್ತು ಒಗರು ಎದ್ದು ಕಾಣುತ್ತವೆ. ಕುಡಿಯುವವರ ದೃಷ್ಟಿಯಿಂದಲೂ ವ್ಯತ್ಯಾಸ ಸಣ್ಣದಲ್ಲ. 330 ಮಿಲಿಲೀಟರ್ ಬಾಟಲಿಯೊಂದರಲ್ಲಿ ಮೊದಲನೆಯದು ಸುಮಾರು 14 ಗ್ರಾಂ ಶುದ್ಧ ಮದ್ಯಸಾರ ಹೊಂದಿದ್ದರೆ, ಕೊನೆಯದು ಸುಮಾರು 18 ಗ್ರಾಂ ಹೊಂದಿರುತ್ತದೆ.

ಈ ಅಂಕಿಗಳನ್ನು ಮುನ್ಸೂಚನೆಯಾಗಿ ಮಾತ್ರ ಪರಿಗಣಿಸಬೇಕು. ಪೊಟ್ಟಣದ ಮೇಲಿನ ಅಟೆನ್ಯುಯೇಷನ್ ಅನ್ನು ತಯಾರಕರು ತಮ್ಮ ಪ್ರಮಾಣಿತ ವರ್ಟ್‌ನಲ್ಲಿ ಅಳೆದಿರುತ್ತಾರೆ. ಕ್ರಿಸ್ಟಲ್ ಹಾಗೂ ಹುರಿದ ಮಾಲ್ಟ್‌ಗಳಲ್ಲಿ ಹುದುಗಬಲ್ಲ ಶರ್ಕರ ಕಡಿಮೆ ಇರುವುದರಿಂದ, ಗಾಢ ಏಲ್‌ನಲ್ಲಿ ಅದೇ ಯೀಸ್ಟ್ ಸ್ವಲ್ಪ ಮೊದಲೇ ನಿಲ್ಲಬಹುದು.

ಬಳಕೆಯಲ್ಲಿರುವ ಯೀಸ್ಟ್ ಗುಂಪುಗಳು

ಇಂಗ್ಲಿಷ್ ತಳಿಗಳು: ಪೋರ್ಟರ್ ಮತ್ತು ಬ್ರೌನ್ ಏಲ್‌ಗಳಿಗೆ ಸಾಂಪ್ರದಾಯಿಕವಾಗಿ ಬಳಕೆಯಲ್ಲಿವೆ. 18ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹದವಾದ ಹಣ್ಣಿನ ಪರಿಮಳ ನೀಡುತ್ತವೆ. ಇವುಗಳಲ್ಲಿ ಬಹಳಷ್ಟು ತಳಿಗಳು ಬೇಗನೆ ತಳ ಸೇರಿ ಸ್ವಲ್ಪ ಸಿಹಿ ಉಳಿಸುತ್ತವೆ. ಹುರಿದ ಮಾಲ್ಟ್‌ನ ಕಹಿಗೆ ಈ ಸಿಹಿ ಆಸರೆಯಾಗುತ್ತದೆ.

ಐರಿಷ್ ತಳಿಗಳು: ಡಬ್ಲಿನ್‌ನ ಸ್ಟೌಟ್ ಪರಂಪರೆಯೊಂದಿಗೆ ಗುರುತಿಸಲ್ಪಡುವ ಇವು ಸಾಮಾನ್ಯವಾಗಿ ಶೇ. 70ರಿಂದ 75ರಷ್ಟು ಅಟೆನ್ಯುಯೇಷನ್ ನೀಡುತ್ತವೆ. ಹಣ್ಣಿನ ಪರಿಮಳ ಮಿತವಾಗಿರುತ್ತದೆ, ಬೆಣ್ಣೆಯ ಸುಳಿವು ಕೆಲವೊಮ್ಮೆ ಇರುತ್ತದೆ.

ಅಮೆರಿಕನ್ ತಳಿಗಳು: ಕ್ಯಾಲಿಫೋರ್ನಿಯಾದ ಚೀಕೋ ಪಟ್ಟಣದ ಹೆಸರಿನಿಂದ ಪರಿಚಿತವಾದ ತಳಿ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಇದು ತನ್ನದೇ ಆದ ಪರಿಮಳವನ್ನು ಬಹಳ ಕಡಿಮೆ ಸೇರಿಸುತ್ತದೆ ಮತ್ತು ಶರ್ಕರವನ್ನು ಹೆಚ್ಚು ಬಳಸುತ್ತದೆ. ಹಾಪ್ಸ್ ಹಾಗೂ ಹುರಿದ ಮಾಲ್ಟ್ ಎರಡೂ ಸ್ಪಷ್ಟವಾಗಿ ಕಾಣಬೇಕೆಂಬ ಉದ್ದೇಶವಿದ್ದಾಗ ಇದು ಸೂಕ್ತ.

ಬೆಲ್ಜಿಯನ್ ತಳಿಗಳು: ಟ್ರಾಪಿಸ್ಟ್ ಮಠಗಳ ಬಿಯರ್‌ಗಳಿಂದ ಬಂದ ಇವು ಹಣ್ಣು ಮತ್ತು ಮಸಾಲೆಯ ಪರಿಮಳವನ್ನು ಧಾರಾಳವಾಗಿ ನೀಡುತ್ತವೆ. ಬೆಲ್ಜಿಯಂನ ಗಾಢ ಬಿಯರ್‌ಗಳ ಬಣ್ಣ ಹೆಚ್ಚಾಗಿ ಗಾಢ ಕ್ಯಾಂಡಿ ಸಕ್ಕರೆಯಿಂದ ಬರುತ್ತದೆಯೇ ಹೊರತು ಕಪ್ಪಾಗಿ ಹುರಿದ ಧಾನ್ಯದಿಂದಲ್ಲ. ಹೀಗಾಗಿ ಸ್ಟೌಟ್‌ನ ಪಾಕಸೂತ್ರಕ್ಕೆ ಈ ಯೀಸ್ಟನ್ನು ನೇರವಾಗಿ ಸೇರಿಸಿದರೆ ಲವಂಗದ ವಾಸನೆಯೂ ಸುಟ್ಟ ಧಾನ್ಯದ ಕಹಿಯೂ ಒಂದಕ್ಕೊಂದು ಹೊಂದದೆ ಹೋಗಬಹುದು. ಹುರಿದ ಬಾರ್ಲಿಯನ್ನು ತಗ್ಗಿಸುವುದು ಇಲ್ಲಿನ ರೂಢಿ.

ಜರ್ಮನ್ ಗೋಧಿ ಬಿಯರ್ ತಳಿಗಳು: ಬಾಳೆಹಣ್ಣು ಮತ್ತು ಲವಂಗದ ಪರಿಮಳ ಇವುಗಳ ಗುರುತು. ಡುಂಕೆಲ್ ವೈಜ಼ೆನ್ ಎಂಬ ಗಾಢ ಗೋಧಿ ಬಿಯರ್‌ನಲ್ಲಿ ಇವು ಬಳಕೆಯಾಗುತ್ತವೆ. ಅಲ್ಲಿಯೂ ತೀವ್ರವಾಗಿ ಹುರಿದ ಧಾನ್ಯದ ಪ್ರಮಾಣ ಅತ್ಯಲ್ಪ.

ಲಾಗರ್ ತಳಿಗಳು: 8ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಹುದುಗುತ್ತವೆ. ಗಾಢ ಏಲ್‌ನ ಪಾಕಸೂತ್ರವನ್ನು ಬಾಲ್ಟಿಕ್ ಪೋರ್ಟರ್‌ನ ಕಡೆಗೆ ತಿರುಗಿಸಲು ಇವು ಬೇಕು. ಕಾಲಾವಧಿ ವಾರಗಳಿಂದ ತಿಂಗಳುಗಳಿಗೆ ಹೆಚ್ಚುತ್ತದೆ.

ಕ್ವೈಕ್: ನಾರ್ವೆಯ ರೈತ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಯೀಸ್ಟ್. 30ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಕೆಟ್ಟ ವಾಸನೆಯಿಲ್ಲದೆ ಕೆಲವೇ ದಿನಗಳಲ್ಲಿ ಹುದುಗುತ್ತದೆ. ಸಾಮಾನ್ಯ ಏಲ್ ಯೀಸ್ಟ್ ಈ ಉಷ್ಣತೆಯಲ್ಲಿ ತೀಕ್ಷ್ಣ ವಾಸನೆಯ ಫ್ಯೂಸೆಲ್ ಮದ್ಯಸಾರಗಳನ್ನು ಉಂಟುಮಾಡುತ್ತದೆ.

ಬ್ರೆಟಾನೊಮೈಸಿಸ್: ತಿಂಗಳುಗಟ್ಟಲೆ ಕೆಲಸ ಮಾಡುತ್ತ, ಉಳಿದ ಡೆಕ್ಸ್‌ಟ್ರಿನ್‌ಗಳನ್ನೂ ಬಳಸಬಲ್ಲ ಯೀಸ್ಟ್. ಚರ್ಮ ಹಾಗೂ ಕೊಟ್ಟಿಗೆಯನ್ನು ನೆನಪಿಸುವ ವಾಸನೆ ನೀಡುತ್ತದೆ. ಹಳೆಯ ಲಂಡನ್ ಪೋರ್ಟರ್‌ನ ರುಚಿಯನ್ನು ಮರುಸೃಷ್ಟಿಸಲು ಬಯಸುವವರು ಇದನ್ನು ಎರಡನೆಯ ಯೀಸ್ಟ್ ಆಗಿ ಸೇರಿಸುತ್ತಾರೆ.

ಪಾಕಸೂತ್ರದ ಹೊಂದಾಣಿಕೆ

ಮ್ಯಾಶಿಂಗ್ ಉಷ್ಣತೆ: ಮಾಲ್ಟ್‌ನಲ್ಲಿರುವ ಬೀಟಾ ಅಮೈಲೇಸ್ ಕಿಣ್ವವು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿದ್ದು ಹುದುಗಬಲ್ಲ ಮಾಲ್ಟೋಸನ್ನು ಉಂಟುಮಾಡುತ್ತದೆ. ಆಲ್ಫಾ ಅಮೈಲೇಸ್ 68ರಿಂದ 72 ಡಿಗ್ರಿಯಲ್ಲಿ ಹೆಚ್ಚು ಚುರುಕಾಗಿದ್ದು ಡೆಕ್ಸ್‌ಟ್ರಿನ್‌ಗಳನ್ನು ಉಳಿಸುತ್ತದೆ. ಹೊಸ ಯೀಸ್ಟ್ ಹಿಂದಿನದಕ್ಕಿಂತ ಹೆಚ್ಚು ಶರ್ಕರ ಬಳಸುವುದಾದರೆ ಮ್ಯಾಶಿಂಗ್ ಅನ್ನು 66ರಿಂದ 68 ಅಥವಾ 69 ಡಿಗ್ರಿಗೆ ಏರಿಸಿ ಮೈದುಂಬನ್ನು ಉಳಿಸಿಕೊಳ್ಳಬಹುದು. ಕಡಿಮೆ ಬಳಸುವ ಯೀಸ್ಟ್ ಆಗಿದ್ದರೆ 64 ಅಥವಾ 65 ಡಿಗ್ರಿಗೆ ಇಳಿಸಲಾಗುತ್ತದೆ. ಒಂದೆರಡು ಡಿಗ್ರಿಗಳ ಈ ಬದಲಾವಣೆಯೇ ಬಹುತೇಕ ಸಂದರ್ಭಗಳಲ್ಲಿ ಮೊದಲ ಉಪಾಯ.

ಧಾನ್ಯದ ಪ್ರಮಾಣ: ಒಣ ರುಚಿ ನೀಡುವ ಯೀಸ್ಟ್‌ನೊಂದಿಗೆ ಹುರಿದ ಬಾರ್ಲಿಯನ್ನು ತುಸು ತಗ್ಗಿಸುವುದು ಅಥವಾ ಸಿಪ್ಪೆ ತೆಗೆದು ಹುರಿದ ಮಾಲ್ಟ್ ಬಳಸುವುದು ಒಗರನ್ನು ನಿಯಂತ್ರಿಸುತ್ತದೆ. ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸ್ ಸೇರಿಸಿದರೆ ನುಣುಪು ಬರುತ್ತದೆ. ಲ್ಯಾಕ್ಟೋಸನ್ನು ಬಿಯರ್ ಯೀಸ್ಟ್ ಹುದುಗಿಸಲಾರದಾದ್ದರಿಂದ ಮಿಲ್ಕ್ ಸ್ಟೌಟ್‌ಗಳಲ್ಲಿ ಅದನ್ನು ಸಿಹಿಗಾಗಿ ಸೇರಿಸುತ್ತಾರೆ.

ಆಮ್ಲೀಯತೆ: ಹುರಿದ ಮಾಲ್ಟ್ ಮ್ಯಾಶಿನ ಪಿಎಚ್ ಅನ್ನು ಇಳಿಸುತ್ತದೆ. ಅದು 5.2ರಿಂದ 5.6ರ ನಡುವೆ ಇರುವುದು ಅಪೇಕ್ಷಣೀಯ. ಹುದುಗುವಿಕೆಯಲ್ಲಿ ಯೀಸ್ಟ್ ಪಿಎಚ್ ಅನ್ನು ಇನ್ನಷ್ಟು ತಗ್ಗಿಸಿ ಸಾಮಾನ್ಯವಾಗಿ 4.0ರಿಂದ 4.5ಕ್ಕೆ ತರುತ್ತದೆ. ಹೆಚ್ಚು ಹುಳಿಯಾದ ಬಿಯರ್‌ನಲ್ಲಿ ಹುರಿದ ರುಚಿ ಚೂಪಾಗುತ್ತದೆ. ಮೆದು ನೀರಿರುವ ಸ್ಥಳಗಳಲ್ಲಿ ಅಲ್ಪ ಪ್ರಮಾಣದ ಅಡುಗೆ ಸೋಡಾ ಸೇರಿಸಿ ಇದನ್ನು ಸರಿಪಡಿಸುವ ಪದ್ಧತಿ ಇದೆ.

ಯೀಸ್ಟ್‌ನ ಪ್ರಮಾಣ: ಏಲ್‌ಗೆ ಪ್ರತಿ ಮಿಲಿಲೀಟರ್ ವರ್ಟ್‌ಗೆ, ಪ್ಲೇಟೋ ಮಾಪಕದ ಪ್ರತಿ ಡಿಗ್ರಿಗೆ ಸುಮಾರು 7.5 ಲಕ್ಷ ಕೋಶಗಳು ಬೇಕೆಂಬುದು ಸಾಮಾನ್ಯ ಸೂತ್ರ. ಮೇಲಿನ 20 ಲೀಟರ್ ಉದಾಹರಣೆಯಲ್ಲಿ 1.060 ಸಾಂದ್ರತೆಯು ಸುಮಾರು 14.7 ಡಿಗ್ರಿ ಪ್ಲೇಟೋಗೆ ಸಮನಾಗಿದ್ದು, ಒಟ್ಟು ಸುಮಾರು 22,000 ಕೋಟಿ ಕೋಶಗಳು ಬೇಕಾಗುತ್ತವೆ. ಲಾಗರ್ ಯೀಸ್ಟ್‌ಗೆ ಇದರ ಇಮ್ಮಡಿ ಬೇಕು. ಯೀಸ್ಟ್ ಕಡಿಮೆಯಾದರೆ ಹುದುಗುವಿಕೆ ತಡವಾಗಿ ಆರಂಭವಾಗಿ ಅರ್ಧದಲ್ಲೇ ನಿಲ್ಲಬಹುದು.

ಉಷ್ಣತೆ ಮತ್ತು ಕಾಲಾವಧಿ: ಯೀಸ್ಟ್ ಬದಲಿಸಿದಾಗ ಹುದುಗಿಸುವ ಸ್ಥಳದ ಉಷ್ಣತೆಯನ್ನೂ ಬದಲಿಸಬೇಕಾಗುತ್ತದೆ. ಹುದುಗುವಿಕೆಯೇ ಶಾಖವನ್ನು ಉಂಟುಮಾಡುವುದರಿಂದ ಪಾತ್ರೆಯೊಳಗಿನ ಉಷ್ಣತೆ ಕೋಣೆಯದಕ್ಕಿಂತ ಕೆಲವು ಡಿಗ್ರಿ ಹೆಚ್ಚಾಗಿರುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ಉಷ್ಣತೆಯ ಹತೋಟಿ ಅತ್ಯಂತ ಮುಖ್ಯ, ಏಕೆಂದರೆ ಪರಿಮಳದ ಬಹುಭಾಗ ಆಗಲೇ ರೂಪುಗೊಳ್ಳುತ್ತದೆ. ಲಾಗರ್ ಯೀಸ್ಟ್ ಬಳಸುವಾಗ ಕೊನೆಯಲ್ಲಿ ಎರಡು ಮೂರು ದಿನ 16ರಿಂದ 18 ಡಿಗ್ರಿಗೆ ಏರಿಸಿ ಡೈಅಸಿಟೈಲ್ ತಗ್ಗಿಸಲಾಗುತ್ತದೆ.

ಬಾಟಲಿ ತುಂಬುವಿಕೆ ಮತ್ತು ಸುರಕ್ಷತೆ

ಮನೆಯ ಬಿಯರ್‌ನಲ್ಲಿ ನೊರೆ ಬರಲು ಬಾಟಲಿ ತುಂಬುವ ಮೊದಲು ಸ್ವಲ್ಪ ಸಕ್ಕರೆ ಸೇರಿಸುತ್ತಾರೆ. 20 ಲೀಟರ್‌ಗೆ ಸುಮಾರು 110 ಗ್ರಾಂ ಸಕ್ಕರೆ ಸೇರಿಸಿದರೆ, ಒಂದು ಲೀಟರ್ ಬಿಯರ್‌ನಲ್ಲಿ ಸುಮಾರು 2.2 ಲೀಟರ್ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಇದನ್ನು 2.2 ಗಾತ್ರ ಎಂದು ಹೇಳುವುದು ವಾಡಿಕೆ. ಗಾಢ ಏಲ್‌ಗೆ ಇಷ್ಟು ಸಾಕು. ಈ ಲೆಕ್ಕ ಸರಿಯಾಗುವುದು ಮುಖ್ಯ ಹುದುಗುವಿಕೆ ಸಂಪೂರ್ಣವಾಗಿ ಮುಗಿದಿದ್ದರೆ ಮಾತ್ರ.

ಯೀಸ್ಟ್ ಬದಲಾವಣೆಯ ಅತ್ಯಂತ ಗಂಭೀರ ಅಪಾಯ ಇಲ್ಲಿದೆ. ಹಿಂದಿನ ಯೀಸ್ಟ್ 1.018ರಲ್ಲಿ ನಿಲ್ಲುತ್ತಿತ್ತೆಂದು, ಹೊಸದೂ ಅಲ್ಲಿಯೇ ನಿಲ್ಲುತ್ತದೆಯೆಂದು ಭಾವಿಸಿ ಬಾಟಲಿ ಮುಚ್ಚಿದರೆ, 1.014ರವರೆಗೆ ಹೋಗಬಲ್ಲ ಹೊಸ ಯೀಸ್ಟ್ ಬಾಟಲಿಯೊಳಗೆ ಕೆಲಸ ಮುಂದುವರಿಸುತ್ತದೆ. ಸಾಂದ್ರತೆ 0.001ರಷ್ಟು ಇಳಿದಾಗಲೆಲ್ಲ ಸುಮಾರು 0.5 ಗಾತ್ರದ ಅನಿಲ ಸೇರುತ್ತದೆ. ನಾಲ್ಕು ಅಂಕಗಳ ಇಳಿಕೆ ಎಂದರೆ ಸುಮಾರು 2 ಗಾತ್ರ ಹೆಚ್ಚುವರಿ ಅನಿಲ. ಅಂದರೆ ಉದ್ದೇಶಿಸಿದ ಪ್ರಮಾಣದ ಹತ್ತಿರ ಹತ್ತಿರ ಇಮ್ಮಡಿ. ಇಂಥ ಒತ್ತಡದಲ್ಲಿ ಗಾಜಿನ ಬಾಟಲಿ ಸಿಡಿದು ಕಣ್ಣಿಗೆ, ಕೈಗೆ ತೀವ್ರ ಗಾಯವಾಗುವ ಸಂಭವವಿದೆ.

ಡಯಾಸ್ಟಾಟಿಕಸ್ ಎಂದು ಕರೆಯಲಾಗುವ ತಳಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಎಸ್‌ಟಿಎ1 ಎಂಬ ಜೀನ್ ಹೊಂದಿರುವ ಇವು ಗ್ಲೂಕೋಅಮೈಲೇಸ್ ಕಿಣ್ವವನ್ನು ಹೊರಬಿಟ್ಟು ಡೆಕ್ಸ್‌ಟ್ರಿನ್‌ಗಳನ್ನೂ ನಿಧಾನವಾಗಿ ಒಡೆಯುತ್ತವೆ. ಸೈಸಾನ್ ಶೈಲಿಯ ಹಲವು ಯೀಸ್ಟ್‌ಗಳು ಈ ಗುಂಪಿಗೆ ಸೇರಿವೆ. ಇವುಗಳನ್ನು ಬಳಸಿದ ಪ್ಲಾಸ್ಟಿಕ್ ಕೊಳವೆ ಮತ್ತು ಪಾತ್ರೆಗಳಲ್ಲಿ ಉಳಿದ ಕೆಲವೇ ಕೋಶಗಳು ಮುಂದಿನ ಬಿಯರನ್ನೂ ಸೇರಿಕೊಳ್ಳಬಹುದು.

ಮುನ್ನೆಚ್ಚರಿಕೆಯಾಗಿ ಬಾಟಲಿ ತುಂಬುವ ಮೊದಲು ಎರಡು ಮೂರು ದಿನಗಳ ಅಂತರದಲ್ಲಿ ಸಾಂದ್ರತೆಯನ್ನು ಅಳೆದು, ಅದು ಬದಲಾಗದೆ ನಿಂತಿದೆಯೆಂದು ಖಚಿತಪಡಿಸಿಕೊಳ್ಳಲಾಗುತ್ತದೆ. ಹುದುಗುವಿಕೆ ಅರ್ಧದಲ್ಲಿ ನಿಂತಿದ್ದರೂ ಸಾಂದ್ರತೆ ಸ್ಥಿರವಾಗಿಯೇ ಕಾಣುವುದರಿಂದ ಇದೊಂದೇ ಸಾಲದು. ಆದ್ದರಿಂದ ಆರಂಭದಲ್ಲೇ ಸ್ವಲ್ಪ ವರ್ಟನ್ನು ಬೇರೆಯಾಗಿ ತೆಗೆದು, ಅದಕ್ಕೆ ಹೆಚ್ಚು ಯೀಸ್ಟ್ ಸೇರಿಸಿ ಬೆಚ್ಚಗೆ ಇಟ್ಟು ಆಗಾಗ ಅಲುಗಿಸಿದರೆ, ಆ ಯೀಸ್ಟ್ ತಲುಪಬಲ್ಲ ಕೊನೆಯ ಸಾಂದ್ರತೆ ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಮುಖ್ಯ ಪಾತ್ರೆಯ ಬಿಯರ್ ಆ ಅಂಕಿಗೆ ಬಂದ ಮೇಲಷ್ಟೇ ಬಾಟಲಿ ತುಂಬುವುದು ಸುರಕ್ಷಿತ.

ಹೋಲಿಕೆಯ ಪರೀಕ್ಷೆ

ಯೀಸ್ಟ್‌ನ ಪರಿಣಾಮವನ್ನು ಸರಿಯಾಗಿ ತಿಳಿಯಲು ಒಂದೇ ವರ್ಟನ್ನು ಎರಡು ಪಾತ್ರೆಗಳಿಗೆ ಹಂಚಿ, ಒಂದಕ್ಕೆ ಹಳೆಯ ತಳಿ, ಇನ್ನೊಂದಕ್ಕೆ ಹೊಸ ತಳಿ ಸೇರಿಸುತ್ತಾರೆ. ಬೇರೆ ಬೇರೆ ದಿನ ತಯಾರಿಸಿದ ವರ್ಟ್‌ಗಳನ್ನು ಹೋಲಿಸಿದರೆ ವ್ಯತ್ಯಾಸಕ್ಕೆ ಯೀಸ್ಟ್ ಕಾರಣವೋ ಮ್ಯಾಶಿಂಗ್ ಕಾರಣವೋ ಎಂದು ಹೇಳಲಾಗದು.

ರುಚಿ ನೋಡುವಾಗ ತ್ರಿಕೋನ ಪರೀಕ್ಷೆ ಬಳಕೆಯಲ್ಲಿದೆ. ಇದರಲ್ಲಿ ಮೂರು ಲೋಟಗಳ ಪೈಕಿ ಎರಡರಲ್ಲಿ ಒಂದೇ ಬಿಯರ್ ಇರುತ್ತದೆ. ಬೇರೆಯಾದುದನ್ನು ಗುರುತಿಸುವಂತೆ ಕೇಳಲಾಗುತ್ತದೆ. ಊಹೆಯಿಂದಲೇ ಸರಿ ಉತ್ತರ ಬರುವ ಸಂಭವ ಮೂರರಲ್ಲಿ ಒಂದು. ಆದ್ದರಿಂದ 12 ಮಂದಿಯಲ್ಲಿ ಕನಿಷ್ಠ 8 ಮಂದಿ ಸರಿಯಾಗಿ ಗುರುತಿಸಿದರೆ ಮಾತ್ರ, ಶೇ. 5ರ ಸಂಖ್ಯಾಶಾಸ್ತ್ರೀಯ ಮಾನದಂಡದಲ್ಲಿ, ನಿಜವಾದ ವ್ಯತ್ಯಾಸವಿದೆಯೆಂದು ಪರಿಗಣಿಸಲಾಗುತ್ತದೆ.

ಕಾನೂನಿನ ಸ್ಥಿತಿ

ಬ್ರಿಟನ್‌ನಲ್ಲಿ ಮನೆಬಳಕೆಗಾಗಿ ಬಿಯರ್ ತಯಾರಿಸಲು ಪರವಾನಗಿ ಪಡೆಯಬೇಕೆಂಬ ನಿಯಮವನ್ನು 1963ರಲ್ಲಿ ತೆಗೆದುಹಾಕಲಾಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯು ಮನೆ ತಯಾರಿಕೆಯ ಬಿಯರ್‌ಗೆ ಒಕ್ಕೂಟದ ತೆರಿಗೆಯಿಂದ ವಿನಾಯಿತಿ ನೀಡಿತು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಿತಿಯಿದ್ದು, ಮಾರಾಟಕ್ಕೆ ಅವಕಾಶವಿಲ್ಲ.

ಭಾರತದ ಸಂವಿಧಾನದಲ್ಲಿ ಮದ್ಯವು ರಾಜ್ಯಪಟ್ಟಿಗೆ ಸೇರಿದ ವಿಷಯವಾಗಿದೆ. ಕರ್ನಾಟಕದಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಯೀಸ್ಟ್ ಬದಲಾವಣೆಯ ಪ್ರಯೋಗಗಳು ಬೆಂಗಳೂರಿನ ಮೈಕ್ರೋಬ್ರೂವರಿಗಳಂಥ ಪರವಾನಗಿ ಪಡೆದ ಘಟಕಗಳಿಗೆ ಸೀಮಿತವಾಗಿವೆ. ಹೊರದೇಶಗಳಲ್ಲಿ ನೆಲೆಸಿರುವ ಹವ್ಯಾಸಿಗಳಿಗೆ ಆಯಾ ದೇಶ ಮತ್ತು ಪ್ರಾಂತ್ಯದ ನಿಯಮಗಳು ಅನ್ವಯಿಸುತ್ತವೆ.